ಕೋಟಿಂಗ್‌ಗೆ ಮೊದಲು ಕಾಂಕ್ರೀಟ್ ನೆಲದ ಬಿರುಕು ಮತ್ತು ಜಾಯಿಂಟ್ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆ, ಗೋದಾಮು, ಗ್ಯಾರೇಜುಗಳ ನೆಲಕ್ಕೆ ಎಪಾಕ್ಸಿ ಮತ್ತು ಪಿಯು (ಪಾಲಿಯುರೆಥೇನ್) ಎಂಬ ರೆಸಿನ್ ಕೋಟಿಂಗ್ ಹಾಕುವ ಕೆಲಸದಲ್ಲಿ ನಾನು ಹದಿನೆಂಟು ವರ್ಷಗಳಿಂದ ಇದ್ದೇನೆ. ಫೋನು ಮಾಡುವವರು ಮೊದಲು ಕೇಳುವುದು ಯಾವ ಬಣ್ಣ ಸಿಗುತ್ತದೆ, ಚದರಡಿಗೆ ಎಷ್ಟಾಗುತ್ತದೆ ಎಂದು. ನಾನು ತಿರುಗಿ ಕೇಳುವುದು ನೆಲದಲ್ಲಿ ಬಿರುಕು ಇದೆಯೇ, ಇದ್ದರೆ ಅದು ಅಲುಗಾಡುತ್ತಿದೆಯೇ ಎಂದು. ಆ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ನಾನು ಡಬ್ಬದ ಮುಚ್ಚಳ ತೆಗೆಯುವುದಿಲ್ಲ. ಪೀಣ್ಯದ ವರ್ಕ್‌ಶಾಪುಗಳಿಂದ, ಹುಬ್ಬಳ್ಳಿ ಮತ್ತು ಗದಗದ ಗೋದಾಮುಗಳಿಂದ, ಕರಾವಳಿಯ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನೆಲ ಹಾಕಿ ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ ಬಿರುಕು ಬಿಟ್ಟಿದೆ. ಮೇಸ್ತ್ರಿ ಸಿಮೆಂಟ್ ಕಡಿಮೆ ಹಾಕಿದ್ದಾನೆಯೇ?

ಅಷ್ಟು ಬೇಗ ಅವನ ಮೇಲೆ ತಪ್ಪು ಹೊರಿಸಬೇಡಿ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. 10 ಮೀಟರ್ ಉದ್ದಕ್ಕೆ ಸುಮಾರು 3ರಿಂದ 6 ಮಿಲಿಮೀಟರ್ ಕುಗ್ಗುವುದು ಸಾಮಾನ್ಯ. ಕುಗ್ಗಲು ಹೊರಟ ನೆಲವನ್ನು ಕೆಳಗಿನ ಜಲ್ಲಿ, ಪಕ್ಕದ ಗೋಡೆ, ನಡುವಿನ ಕಂಬಗಳು ಹಿಡಿದು ನಿಲ್ಲಿಸುತ್ತವೆ. ಒತ್ತಡವನ್ನು ಎಷ್ಟು ಬೇಕಾದರೂ ತಡೆಯುವ ಕಾಂಕ್ರೀಟ್, ಎಳೆತಕ್ಕೆ ಸಿಕ್ಕರೆ ಅದರ ಹತ್ತನೇ ಒಂದು ಪಾಲು ಮಾತ್ರ ತಾಳುತ್ತದೆ. ಆದ್ದರಿಂದ ಎಲ್ಲೋ ಒಂದು ಕಡೆ ಸೀಳಲೇಬೇಕು.

ಇನ್ನು ತಪ್ಪು ಎನ್ನಬಹುದಾದ ಕಾರಣಗಳೂ ಇವೆ. ಕಲಸುವಾಗ ಸುಲಭವಾಗಲಿ ಎಂದು ನೀರು ಹೆಚ್ಚು ಸುರಿದಿರಬಹುದು. ಏಪ್ರಿಲ್ ಬಿಸಿಲಿನಲ್ಲಿ, ಬೀಸುವ ಗಾಳಿಯಲ್ಲಿ ಹಾಕಿ ಮೊದಲ ಕೆಲವು ಗಂಟೆ ಮುಚ್ಚದೆ ಬಿಟ್ಟಿರಬಹುದು. ಒದ್ದೆ ಗೋಣಿ ಹೊದಿಸುವುದನ್ನು, ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಎರಡೇ ದಿನಕ್ಕೆ ಕೈಬಿಟ್ಟಿರಬಹುದು. ಬಳ್ಳಾರಿ, ರಾಯಚೂರು ಕಡೆ ನಾನು ಕಂಡ ಬಿರುಕುಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವು.

ನೆಲದ ಮೇಲೆ ಚೌಕ ಚೌಕವಾಗಿ ಕಟ್ಟರ್‌ನಲ್ಲಿ ಗೆರೆ ಹೊಡೆದಿದ್ದಾರೆ. ಇಷ್ಟು ಚೆನ್ನಾಗಿರುವ ನೆಲವನ್ನು ಕತ್ತರಿಸಿದ್ದು ಏಕೆ?

ನೆಲ ಹೇಗೂ ಸೀಳುತ್ತದೆ, ನಾವು ಹೇಳಿದ ಜಾಗದಲ್ಲಿ ನೇರವಾಗಿ ಸೀಳಲಿ ಎಂದು. ಸ್ಲ್ಯಾಬಿನ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕತ್ತರಿಸಿದರೆ ಆ ಸಾಲು ದುರ್ಬಲವಾಗುತ್ತದೆ. ಬಿರುಕು ಅದರ ಕೆಳಗೆ ಕಣ್ಣಿಗೆ ಕಾಣದಂತೆ ಇಳಿದುಹೋಗುತ್ತದೆ. ಹೀಗೆ ಬೇಕೆಂದೇ ಬಿಟ್ಟ ಗೆರೆಯನ್ನೇ ಜಾಯಿಂಟ್ ಎನ್ನುವುದು. ಟ್ರಿಮಿಕ್ಸ್ ನೆಲಗಳಲ್ಲಿ (ಹಾಕಿದ ಕೂಡಲೇ ಹೆಚ್ಚಿನ ನೀರನ್ನು ಪಂಪಿನಿಂದ ಹೀರಿ ತೆಗೆದ ಕಾಂಕ್ರೀಟ್ ನೆಲ) 150 ಮಿ.ಮೀ. ದಪ್ಪಕ್ಕೆ ಸುಮಾರು 4 ಮೀಟರಿಗೊಂದು ಗೆರೆ ಬರುವುದು ವಾಡಿಕೆ. ಕಾಂಕ್ರೀಟ್ ಹಾಕಿದ ದಿನವೇ ಅಥವಾ ಮರುದಿನ ಬೆಳಗ್ಗೆಯೇ ಕತ್ತರಿಸಬೇಕು. ಎರಡು ಮೂರು ದಿನ ತಡವಾದರೆ ಬಿರುಕು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿರುತ್ತದೆ. ನೇರ ಗೆರೆಯ ಪಕ್ಕದಲ್ಲೇ, ಅರ್ಧ ಅಡಿ ಅಂತರದಲ್ಲಿ ಅಂಕುಡೊಂಕಾಗಿ ಓಡುವ ಬಿರುಕು ಕಂಡರೆ ಕಟ್ಟರ್ ತಡವಾಗಿ ಬಂದಿತ್ತೆಂದು ತಿಳಿಯಿರಿ.

ಎರಡು ಮಿಲಿಮೀಟರ್ ದಪ್ಪ ಎಪಾಕ್ಸಿ ಹಾಕಿಸುತ್ತಿದ್ದೇನೆ. ಬಿರುಕು ಅದರೊಳಗೇ ಮುಚ್ಚಿಹೋಗುವುದಿಲ್ಲವೇ?

ಮೊದಲ ವಾರ ಮುಚ್ಚಿದಂತೆ ಕಾಣುತ್ತದೆ. ಎಪಾಕ್ಸಿ ಗಟ್ಟಿ ಪದಾರ್ಥ, ಹಿಗ್ಗುವ ಗುಣ ಅದಕ್ಕೆ ಬಹಳ ಕಡಿಮೆ. 0.2 ಮಿ.ಮೀ. ಬಿರುಕು 0.4 ಆಯಿತೆಂದರೆ ನಮ್ಮ ಕಣ್ಣಿಗೆ ಏನೂ ಅಲ್ಲ. ಆದರೆ ಆ ಗೆರೆಯ ಮೇಲೆ ಬಿಗಿಯಾಗಿ ಅಂಟಿ ಕುಳಿತ ಲೇಪನದ ಲೆಕ್ಕದಲ್ಲಿ ಅದು ಇದ್ದುದರ ಎರಡರಷ್ಟು ಎಳೆತ. ಕೆಳಗಿನ ಬಿರುಕು ಯಥಾವತ್ತಾಗಿ ಮೇಲೆ ಮೂಡುತ್ತದೆ. ತಿಳಿ ಬೂದು ಬಣ್ಣದ ಹೊಳೆಯುವ ನೆಲದಲ್ಲಿ ಅದು ಮೊದಲಿಗಿಂತ ಎದ್ದು ಕಾಣುತ್ತದೆ.

ಸಿಮೆಂಟ್ ಹಾಲು ಸುರಿದು ಒರೆಸಿಬಿಟ್ಟರೆ ಸಾಲದೇ? ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಸಾಲದು. ಸಿಮೆಂಟ್ ಹಾಲೂ ಒಣಗುವಾಗ ಕುಗ್ಗುತ್ತದೆ. ಬಿರುಕಿನ ಎರಡು ಗೋಡೆಗಳಲ್ಲಿ ಒಂದನ್ನು ಬಿಟ್ಟು ಎದ್ದು ಹೊಸ ಸೀಳು ಮಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆಚೀಚೆ ನೆಲದ ಮೇಲೆ ಹರಡಿದ ತೆಳ್ಳನೆಯ ಪೊರೆ. ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುವ ಆ ಪೊರೆಯ ಮೇಲೆ ಕೋಟಿಂಗ್ ಹಾಕಿದರೆ ಕೋಟಿಂಗ್ ಅಂಟುವುದು ಪೊರೆಗೆ, ನೆಲಕ್ಕಲ್ಲ. ಆಗಲೇ ಸುರಿದಿದ್ದರೆ ಗ್ರೈಂಡಿಂಗ್ ಮಾಡಿ ಪೂರ್ತಿ ತೆಗೆಸಿ. ಬಿಳಿ ಸಿಮೆಂಟಿಗೂ ಗೋಡೆಯ ಪುಟ್ಟಿಗೂ ಇದೇ ಮಾತು.

ನೆಲವೆಲ್ಲ ಜೇಡರ ಬಲೆಯಂತೆ ಸಣ್ಣ ಗೆರೆಗಳು. ಒಂದೊಂದನ್ನೂ ಕೊರೆದು ತುಂಬಬೇಕೇ?

ಬೇಡ. ಅವು ಮೇಲ್ಪದರದ ಒಂದೆರಡು ಮಿಲಿಮೀಟರಿನಲ್ಲಷ್ಟೇ ಇರುತ್ತವೆ. ಚೆನ್ನಾಗಿ ಗ್ರೈಂಡ್ ಮಾಡಿ, ದೂಳು ಹೀರಿಸಿ, ತೆಳ್ಳನೆಯ ಪ್ರೈಮರ್ ಹಚ್ಚಿ. ನೆಲ ಕುಡಿಯುತ್ತಿದ್ದರೆ ಇನ್ನೊಂದು ಸಲ ಹಚ್ಚಿ.

## ಬಿರುಕನ್ನು ಓದುವುದು

ಬಿರುಕು ಇನ್ನೂ ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುವುದು ಹೇಗೆ? ಯಂತ್ರ ಬೇಕೇ?

ಪೆನ್ಸಿಲ್, ವರ್ನಿಯರ್ ಕ್ಯಾಲಿಪರ್ ಮತ್ತು ತಾಳ್ಮೆ ಸಾಕು. ಬಿರುಕು ಕೊನೆಯಾಗುವ ಎರಡೂ ತುದಿಗಳಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳ ನಂತರ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ. ಅಗಲ ನೋಡಲು ಬಿರುಕಿನ ಆಚೀಚೆ ಎರಡು ಉಕ್ಕಿನ ಮೊಳೆಗಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಅವುಗಳ ನಡುವಿನ ಅಂತರವನ್ನು ಬೆಳಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಳೆಯಿರಿ. ತಗಡಿನ ಸೂರಿನ ಕೆಳಗಿನ ನೆಲಗಳಲ್ಲಿ ಒಂದೇ ದಿನದೊಳಗೆ ವ್ಯತ್ಯಾಸ ಕಂಡಿದ್ದೇನೆ.

ಹಳೆಯ ಮೇಸ್ತ್ರಿಗಳ ಉಪಾಯವೂ ಒಳ್ಳೆಯದೇ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ತುಂಡನ್ನು ಎರಡು ಕಡೆಯೂ ಅಂಟಿಸಿ ಬಿಡುತ್ತಾರೆ. ಗಾಜು ಸೀಳಿದರೆ ನೆಲ ಅಲುಗಾಡಿದೆ ಎಂದೇ ಅರ್ಥ. ಗಾಡಿ ಓಡಾಡದ ಜಾಗ ನೋಡಿ ಅಂಟಿಸಬೇಕು, ಅಷ್ಟೇ.

ಬಿರುಕಿನ ಒಳಗಿನ ಕೊಳೆಯೂ ಕಥೆ ಹೇಳುತ್ತದೆ. ಅಂಚುಗಳು ಸವೆದು, ಒಳಗೆಲ್ಲ ಕಪ್ಪು ಕೊಳೆ ಗಟ್ಟಿಯಾಗಿ ಕೂತಿದ್ದರೆ ಅದು ವರ್ಷಗಳ ಹಿಂದಿನದು. ಅಂಚು ಚೂಪಾಗಿ, ಒಳಗೋಡೆ ಹೊಸ ಕಾಂಕ್ರೀಟಿನ ಬಣ್ಣದಲ್ಲಿದ್ದರೆ ಅದು ಇತ್ತೀಚಿನದು. ಅದನ್ನು ಇನ್ನಷ್ಟು ದಿನ ಗಮನಿಸಬೇಕು.

ಯಾವ ಬಿರುಕು ಕಂಡರೆ ನೀವು ಕೆಲಸ ಒಪ್ಪಿಕೊಳ್ಳದೆ ಎಂಜಿನಿಯರ್ ಕರೆಸಿ ಎನ್ನುತ್ತೀರಿ?

ಮಣ್ಣಿನ ಮೇಲೆ ಕೂತ ನೆಲಕ್ಕೂ ಗಾಳಿಯಲ್ಲಿ ನಿಂತ ಮಹಡಿಯ ಸ್ಲ್ಯಾಬಿಗೂ ಬಹಳ ವ್ಯತ್ಯಾಸವಿದೆ. ಮಹಡಿಯ ಸ್ಲ್ಯಾಬಿನಲ್ಲಿ ಬಿರುಕು ಆರಪಾರ ಇದ್ದರೆ, ಕೆಳಗಿನ ಚಾವಣಿಯಲ್ಲೂ ಅದೇ ಗೆರೆ ಕಂಡರೆ, ತುಕ್ಕಿನ ಕಂದು ಕಲೆ ಹೊರಬರುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಕಬ್ಬಿಣ ಹಾಕಿದ ಕಾಂಕ್ರೀಟಿನ ಮೇಲ್ಮೈ ಬಿರುಕಿಗೆ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆ ಸಾಮಾನ್ಯವಾಗಿ 0.3 ಮಿ.ಮೀ., ಸದಾ ತೇವವಿರುವ ಕಡೆ 0.2 ಮಿ.ಮೀ. ಮಿತಿ ಇಟ್ಟಿದೆ.

ನೆಲಮಟ್ಟದಲ್ಲಾದರೆ ನಾನು ಅಂಗೈಯಿಂದ ನೋಡುತ್ತೇನೆ. ಬಿರುಕಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಎಂದು ತಿಳಿದರೆ ಕೆಳಗಿನ ಮಣ್ಣು ಕುಸಿದಿದೆ. ಅದಕ್ಕೆ ನನ್ನ ಡಬ್ಬಗಳಲ್ಲಿ ಪರಿಹಾರವಿಲ್ಲ.

ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಳ್ಳುತ್ತದೆ, ಬೇಸಿಗೆಗೆ ಬೆರಳು ಹೋಗುವಷ್ಟು ಬಾಯಿ ಬಿಡುತ್ತದೆ. ಯಾವ ಮಾಲು ತುಂಬಬೇಕು?

ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ; ಹೊಲದಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು. ಅದೇ ಮಣ್ಣು ನೆಲದ ಕೆಳಗೂ ಉಸಿರಾಡುತ್ತಿದೆ. ಬೇಸಿಗೆಯಲ್ಲಿ ಗಟ್ಟಿ ಎಪಾಕ್ಸಿ ತುಂಬಿದಿರೆಂದುಕೊಳ್ಳಿ, ಮಳೆಗಾಲಕ್ಕೆ ಬಿರುಕು ಮುಚ್ಚಲು ಬಂದಾಗ ಒಳಗೆ ಬೆಣೆ ಬಡಿದಂತಾಗಿ ಅಂಚು ಸಿಡಿಯುತ್ತದೆ.

ಮೊದಲು ನೀರನ್ನು ದೂರ ಮಾಡಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪ್ ಕೊಡಿ, ಸುತ್ತ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿಸಿ, ಬಚ್ಚಲ ನೀರು ಅಲ್ಲೇ ಇಂಗುತ್ತಿದ್ದರೆ ಅದನ್ನು ನಿಲ್ಲಿಸಿ. ಒಂದು ವರ್ಷ ನೋಡಿ. ಆಮೇಲೂ ಬೆರಳಷ್ಟು ಬಾಯಿ ಬಿಡುತ್ತಿದ್ದರೆ ಎರೆಯನ್ನು ತೆಗೆದು ಗಟ್ಟಿ ಮೊರಂ ತುಂಬಿ ನೆಲ ಹೊಸದಾಗಿ ಹಾಕಿಸುವುದೇ ದಾರಿ. ಇದನ್ನು ಹೇಳುವಾಗ ನನಗೆ ಕಷ್ಟವಾಗುತ್ತದೆ, ಕೇಳುವವರಿಗೆ ಇನ್ನೂ ಕಷ್ಟ. ಆದರೂ ಅಂಥ ನೆಲದ ಮೇಲೆ ಕೋಟಿಂಗಿಗೆ ಹಣ ಸುರಿಯಿರಿ ಎಂದು ನಾನು ಹೇಳಲಾರೆ.

ಕರಾವಳಿಯಲ್ಲಿದ್ದೇವೆ. ನೆಲ ಮುಟ್ಟಿದರೆ ಒಣಗಿದಂತೆಯೇ ಇದೆ. ತೇವದ ಪರೀಕ್ಷೆ ಬೇಕೇ?

ಬೇಕು. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಸಂಜೆ ಹಾಕಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಗೆ ಹನಿ ನಿಂತಿದ್ದರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ. ಒಂದು ಹಾಳೆಯನ್ನು ಬಿರುಕಿನ ಮೇಲೆಯೇ ಹಾಕಿ. ಉಳಿದ ನೆಲ ಒಣಗಿದ್ದರೂ ಬಿರುಕಿನ ದಾರಿಯಲ್ಲಿ ನೀರಾವಿ ಏರುತ್ತಿರುತ್ತದೆ. ಕೋಟಿಂಗಿನಲ್ಲಿ ಸಾಲಾಗಿ ಬೊಕ್ಕೆ ಏಳುವುದು ಆ ಗೆರೆಯ ಮೇಲೆಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಕಾರವಾರದ ಕಡೆ ನಾನು ಈ ಕೆಲಸ ಒಪ್ಪುವುದಿಲ್ಲ. ಒಪ್ಪಲೇಬೇಕಾದರೆ ತೇವ ತಾಳುವ ಪ್ರೈಮರ್ ಬಳಸಿ, ನೆಲದ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿದೆಯೆಂದು ಅಳೆದು ನೋಡಿಯೇ ಶುರು ಮಾಡುತ್ತೇನೆ.

## ಬಿರುಕು ತುಂಬುವ ಕೆಲಸ

ಸಣ್ಣ ಬಿರುಕನ್ನು ಕಟ್ಟರ್ ಹಾಕಿ ಇನ್ನೂ ದೊಡ್ಡದು ಮಾಡುತ್ತೀರಲ್ಲ, ಇದು ಸರಿಯೇ?

ನೋಡುವವರಿಗೆ ಸಂಕಟವಾಗುತ್ತದೆ, ಒಪ್ಪುತ್ತೇನೆ. ಆದರೆ ಕೂದಲೆಳೆಯಷ್ಟು ಅಗಲದ ಬಿರುಕಿನೊಳಗೆ ಗಟ್ಟಿ ಮಾಲು ಇಳಿಯುವುದಿಲ್ಲ, ಮೇಲೆ ಸವರಿದಂತಾಗಿ ನಿಲ್ಲುತ್ತದೆ. ಅಂಚಿನ ಕಾಂಕ್ರೀಟ್ ಕೂಡ ಮುರುಕಲಾಗಿರುತ್ತದೆ. 6ರಿಂದ 10 ಮಿ.ಮೀ. ಅಗಲ, 10ರಿಂದ 12 ಮಿ.ಮೀ. ಆಳಕ್ಕೆ ಕೊರೆದರೆ ಎರಡು ಬದಿಯಲ್ಲೂ ಗಟ್ಟಿ ಗೋಡೆ ಸಿಗುತ್ತದೆ. ಗೋಡೆಗಳು ನೇರವಾಗಿ ನಿಂತಿರಲಿ. ವಿ ಆಕಾರದಲ್ಲಿ ಕೊರೆದರೆ ಮೇಲಂಚಿನಲ್ಲಿ ಮಾಲು ಕಾಗದದಷ್ಟು ತೆಳ್ಳಗಾಗಿ, ಗಾಲಿ ಹಾಯ್ದಾಗ ಅಲ್ಲಿಂದಲೇ ಎದ್ದುಬರುತ್ತದೆ.

ಅಲುಗಾಡದ ಬಿರುಕನ್ನು ನೀವು ತುಂಬುವ ಕ್ರಮ ಹೇಗೆ? ಒಂದೊಂದಾಗಿ ಹೇಳಿ.

ಕೊರೆದ ಕಾಲುವೆಯನ್ನು ಮೊದಲು ಉಕ್ಕಿನ ಬ್ರಷ್‌ನಿಂದ ಉಜ್ಜುತ್ತೇವೆ, ಆಮೇಲೆ ವ್ಯಾಕ್ಯೂಮ್ ಕೊಳವೆಯನ್ನು ಒಳಗಿಟ್ಟು ನಿಧಾನವಾಗಿ ಎಳೆಯುತ್ತೇವೆ. ಇದು ಎರಡು ಸಲ ಆಗಬೇಕು. ಕಂಪ್ರೆಸರ್ ಗಾಳಿ ಊದುವುದು ನನಗೆ ಇಷ್ಟವಿಲ್ಲ. ದೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ, ಕಂಪ್ರೆಸರಿನ ಎಣ್ಣೆಯೂ ಜತೆಗೆ ಬರುತ್ತದೆ. ಒಣ ಬೆರಳನ್ನು ಕಾಲುವೆಯಲ್ಲಿ ಎಳೆದಾಗ ಬಿಳಿ ಹಿಟ್ಟು ಅಂಟಬಾರದು.

ನಂತರ ಮರಳು ಬೆರೆಸದ, ನೀರಿನಷ್ಟು ತೆಳ್ಳನೆಯ ಎಪಾಕ್ಸಿಯನ್ನು ಸಣ್ಣ ಮೂತಿಯ ಬಾಟಲಿಯಿಂದ ಸುರಿಯುತ್ತೇವೆ. ಇಲ್ಲಿ ಅವಸರ ಬೇಡ. ಸುರಿದದ್ದು ಕಣ್ಣೆದುರೇ ಇಳಿಯುತ್ತದೆ, ಒಂದೆರಡು ಗುಳ್ಳೆ ಮೇಲೆ ಬರುತ್ತದೆ, ಮತ್ತೆ ಸುರಿಯಬೇಕು, ಮತ್ತೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಮೊಣಕಾಲೂರಿ ಕೂತರೆ ಒಂದು ಘಳಿಗೆಯಲ್ಲಿ ಅದು ನಿಲ್ಲುತ್ತದೆ: ಗುಳ್ಳೆ ಬರುವುದಿಲ್ಲ, ಮಟ್ಟ ಇಳಿಯುವುದಿಲ್ಲ, ಕಾಲುವೆಯ ತಳದಲ್ಲಿ ಕನ್ನಡಿಯಂತೆ ಹೊಳೆಯುತ್ತಾ ನಿಂತಿರುತ್ತದೆ. ಬಿರುಕಿನ ಹೊಟ್ಟೆ ತುಂಬಿತು ಎನ್ನುವುದು ಇದಕ್ಕೆ. ಎಷ್ಟು ಸುರಿದರೂ ಇಳಿಯುತ್ತಲೇ ಇದ್ದರೆ ಬಿರುಕು ಸ್ಲ್ಯಾಬಿನ ಕೆಳಗಿನ ಜಲ್ಲಿಯವರೆಗೂ ಹೋಗಿದೆ. ಆಗ ಒಣಗಿದ ಸಣ್ಣ ಸಿಲಿಕಾ ಮರಳನ್ನು ಮೊದಲು ಉದುರಿಸಿ ತಳ ಮುಚ್ಚಿಕೊಳ್ಳಬೇಕು.

ಆ ಎಪಾಕ್ಸಿ ಇನ್ನೂ ಅಂಟಂಟಾಗಿರುವಾಗಲೇ ಸಿಲಿಕಾ ಮರಳು ಬೆರೆಸಿದ ಎಪಾಕ್ಸಿ ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿ, ನೆಲದ ಮಟ್ಟಕ್ಕಿಂತ ಕೂದಲೆಳೆ ಮೇಲೆ ಬಿಡುತ್ತೇವೆ. ಮೇಲೆ ಒಣ ಮರಳು ಚೆಲ್ಲುತ್ತೇವೆ. ಮರುದಿನ ಡೈಮಂಡ್ ಕಪ್ ವ್ಹೀಲ್ ಹಾಕಿ ಮಟ್ಟಸ ಮಾಡಿದರೆ ಮುಗಿಯಿತು. ಕಣ್ಣು ಮುಚ್ಚಿ ಕೈಯಾಡಿಸಿದಾಗ ಬಿರುಕು ಎಲ್ಲಿತ್ತೆಂದು ತಿಳಿಯಬಾರದು.

ಅಲುಗಾಡುವ ಬಿರುಕಾದರೆ?

ಅದನ್ನು ಜಾಯಿಂಟ್ ಎಂದು ಒಪ್ಪಿಕೊಳ್ಳಿ. ಆ ಸಾಲನ್ನು ಕತ್ತರಿಸಿ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿ, ಕೋಟಿಂಗಿನಲ್ಲೂ ಅದೇ ಗೆರೆಯನ್ನು ಮೇಲಕ್ಕೆ ತನ್ನಿ. ಕೋಟಿಂಗಿನ ನಡುವೆ ಅಂಕುಡೊಂಕು ಗೆರೆ ಚೆನ್ನಾಗಿ ಕಾಣುವುದಿಲ್ಲ ಎನ್ನುತ್ತಾರೆ. ಹರಿದ ಕೋಟಿಂಗ್ ಅದಕ್ಕಿಂತ ಚೆನ್ನಾಗಿ ಕಾಣುವುದಿಲ್ಲ.

ಗ್ರೈಂಡಿಂಗ್ ಮೊದಲೋ, ಬಿರುಕು ತುಂಬುವುದು ಮೊದಲೋ?

ಇಡೀ ನೆಲದ ಗ್ರೈಂಡಿಂಗ್ ಅಥವಾ ಶಾಟ್ ಬ್ಲಾಸ್ಟಿಂಗ್ (ಸಣ್ಣ ಉಕ್ಕಿನ ಗುಂಡುಗಳನ್ನು ಬಡಿಸಿ ಮೇಲ್ಪದರ ಕೆರೆಯುವುದು) ಮೊದಲು. ಕೊಳೆ, ಹಳೆ ಪೇಂಟು, ಹೊಸ ಕಾಂಕ್ರೀಟಿನ ತೇವ ಆರದಂತೆ ಸಿಂಪಡಿಸಿದ ಕ್ಯೂರಿಂಗ್ ಕಾಂಪೌಂಡ್ ಹೋದ ಮೇಲೆಯೇ ಎಲ್ಲ ಬಿರುಕುಗಳೂ ಕಾಣುತ್ತವೆ. ಕೋಟಿಂಗ್ ಅಂಟುವ ಮಟ್ಟಕ್ಕೆ ನೆಲ ತೆರೆದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಬಿಡಿ. ನೀರು ಇಂಗಿದರೆ ಸರಿ, ಮುತ್ತಿನಂತೆ ನಿಂತರೆ ಇನ್ನೂ ಗ್ರೈಂಡ್ ಮಾಡಬೇಕು.

ಆಸಿಡ್ ಹಾಕಿ ತೊಳೆದರೆ ನೆಲವೂ ಬಿರುಕೂ ಒಟ್ಟಿಗೆ ಸ್ವಚ್ಛವಾಗುವುದಿಲ್ಲವೇ?

ದಯವಿಟ್ಟು ಬೇಡ. ಆಸಿಡ್ ಬಿರುಕಿನೊಳಗೆ ಇಳಿದು ಕೂರುತ್ತದೆ, ಎಷ್ಟು ನೀರು ಹೊಯ್ದರೂ ಪೂರ್ತಿ ಹೊರಬರುವುದಿಲ್ಲ. ಒಳಗೆ ಕಬ್ಬಿಣದ ಜಾಲರಿ ಇದ್ದರೆ ಆಸಿಡ್ಡಿನ ಕ್ಲೋರೈಡ್ ಅದಕ್ಕೆ ತುಕ್ಕು ಹಿಡಿಸುತ್ತದೆ. ತೊಳೆದ ನೀರು ಒಣಗಲು ದಿನಗಟ್ಟಲೆ ಬೇಕು. ಇಷ್ಟಾಗಿ ಗ್ರೈಂಡರ್ ಮಾಡುವ ಕೆಲಸದಲ್ಲಿ ಅರ್ಧವನ್ನೂ ಅದು ಮಾಡುವುದಿಲ್ಲ.

ನಮ್ಮದು ಲೇತ್ ಯಂತ್ರಗಳ ಶೆಡ್. ಇಪ್ಪತ್ತು ವರ್ಷದಿಂದ ನೆಲ ಎಣ್ಣೆ ಕುಡಿದಿದೆ. ಬಿರುಕು ತುಂಬಿದರೆ ನಿಲ್ಲುತ್ತದೆಯೇ?

ಬಿರುಕಿನ ಗೋಡೆ ಎಣ್ಣೆ ಕುಡಿದಿದ್ದರೆ ಅದಕ್ಕೆ ಸಾಮಾನ್ಯ ಎಪಾಕ್ಸಿ ಅಂಟುವುದಿಲ್ಲ. ಪೀಣ್ಯ ಮತ್ತು ಬೆಳಗಾವಿಯ ಉದ್ಯಮಬಾಗಿನಲ್ಲಿ ಇಂಥ ಶೆಡ್‌ಗಳು ಸಾಲುಸಾಲಾಗಿವೆ. ಎಣ್ಣೆ ಬಿಡಿಸುವ ಡಿಗ್ರೀಸರ್ ಹಾಕಿ, ಬಿಸಿನೀರಿನಿಂದ ಉಜ್ಜಿ, ಕೊಳೆನೀರನ್ನು ಕೂಡಲೇ ವ್ಯಾಕ್ಯೂಮ್‌ನಿಂದ ಹೀರಿಸಿ, ಒಣಗಿಸಿ. ಮೂರು ನಾಲ್ಕು ಸಲ ಆಗಬೇಕು. ಬಿರುಕಿನ ಬದಿಗಳನ್ನು ಮಾತ್ರ ಅಗಲವಾಗಿ, ಎಣ್ಣೆಯ ಬಣ್ಣ ಕಾಣದ ಕಾಂಕ್ರೀಟ್ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ರಾತ್ರಿ ಆ ಕಾಲುವೆಯ ಮೇಲೆ ಬಿಳಿ ಟಿಶ್ಯೂ ಕಾಗದ ಹಾಸಿ ಭಾರ ಇಟ್ಟು ಬನ್ನಿ. ಬೆಳಗ್ಗೆ ಕಾಗದದಲ್ಲಿ ಎಣ್ಣೆಯ ಗೆರೆ ಮೂಡಿದ್ದರೆ ಇನ್ನೊಮ್ಮೆ ತೊಳೆಯಬೇಕು.

ಹುಡುಗರು ಕರವಸ್ತ್ರ ಕಟ್ಟಿಕೊಂಡು ಗ್ರೈಂಡ್ ಮಾಡುತ್ತಾರೆ. ಅಷ್ಟು ಸಾಕಲ್ಲವೇ?

ಖಂಡಿತ ಸಾಲದು. ಕಾಂಕ್ರೀಟಿನ ದೂಳಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಕಣಗಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಕಲ್ಲಿನ ಕ್ವಾರಿಗಳಲ್ಲಿ ದುಡಿದವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ರೈಂಡರಿಗೆ ದೂಳು ಹೀರುವ ವ್ಯಾಕ್ಯೂಮ್ ಜೋಡಿಸಲೇಬೇಕು, ಪ್ರತಿಯೊಬ್ಬರಿಗೂ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಕೊಡಲೇಬೇಕು. ಕೆಲಸ ಕೊಡುವವರು ನೀವು, ಮಾಸ್ಕ್ ಇಲ್ಲದೆ ಯಂತ್ರ ಶುರು ಮಾಡಬೇಡಿ ಎಂದು ಹೇಳುವ ಹಕ್ಕೂ ನಿಮಗಿದೆ.

ಎಪಾಕ್ಸಿ ಬಕೆಟ್ಟಿನಲ್ಲೇ ಹೊಗೆಯಾಡಿ ಕಲ್ಲಾಯಿತು. ಮಾಲು ಹಳೆಯದೇ?

ಮಾಲು ಸರಿಯಾಗಿಯೇ ಇರುತ್ತದೆ, ಒಂದೇ ಸಲಕ್ಕೆ ಹೆಚ್ಚು ಕಲಸಿದ್ದೀರಿ. ಎಪಾಕ್ಸಿಯ ಮೂಲದ್ರವವಾದ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಸೇರಿದಾಗ ಬಿಸಿ ಹುಟ್ಟುತ್ತದೆ. ಬಕೆಟ್ಟಿನಲ್ಲಿ ಗುಡ್ಡೆಯಾಗಿದ್ದರೆ ಬಿಸಿ ಹೊರಹೋಗದೆ ಇನ್ನಷ್ಟು ವೇಗವಾಗಿ ಗಟ್ಟಿಯಾಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಕಿಲೋಗಿಂತ ಕಡಿಮೆ ಕಲಸಿ, ಡಬ್ಬಗಳನ್ನು ನೆರಳಲ್ಲಿಡಿ. ಅಳತೆಗೆ ತಕ್ಕಡಿ ಬಳಸಿ. ಕಣ್ಣಂದಾಜಿನಲ್ಲಿ ಕಲಸಿದ್ದು ವಾರವಾದರೂ ಅಂಟಂಟಾಗಿಯೇ ಉಳಿದದ್ದನ್ನು ನೋಡಿದ್ದೇನೆ, ಅದನ್ನು ಕೆರೆದು ತೆಗೆಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

## ಜಾಯಿಂಟ್‌ಗಳು

ಎಲ್ಲ ಜಾಯಿಂಟಿಗೂ ಒಂದೇ ಮಾಲು ತುಂಬಬಹುದೇ?

ತುಂಬಬಾರದು. ಕಟ್ಟರ್‌ನಿಂದ ಕತ್ತರಿಸಿದ ಗೆರೆ, ಕಾಂಕ್ರೀಟ್ ಒಣಗಿ ಕುಗ್ಗುವುದು ಬಹುಮಟ್ಟಿಗೆ ಮುಗಿದ ಮೇಲೆ ಹೆಚ್ಚು ಅಲುಗಾಡುವುದಿಲ್ಲ. ಅಲ್ಲಿ ಗಾಲಿಯ ಭಾರ ಹೊರುವ ಅರೆಗಟ್ಟಿ ಫಿಲ್ಲರ್ ಬೇಕು. ಪಾಲಿಯೂರಿಯಾ (ಬೇಗ ಗಟ್ಟಿಯಾಗುವ ಇನ್ನೊಂದು ಬಗೆಯ ರೆಸಿನ್) ಅಥವಾ ಅರೆಗಟ್ಟಿ ಎಪಾಕ್ಸಿ, ರಬ್ಬರಿನಂಥ ಮಾಲಿನ ಗಡಸುತನ ಹೇಳುವ ಶೋರ್ ಎ ಅಳತೆಯಲ್ಲಿ 80ಕ್ಕೆ ಕಡಿಮೆಯಿಲ್ಲದ ಗಡಸುತನದ್ದು. ಕಂಬದ ಸುತ್ತ, ಗೋಡೆಯ ಬುಡದಲ್ಲಿ ಥರ್ಮೋಕೋಲ್ ಅಥವಾ ಬೋರ್ಡು ಇಟ್ಟು ಬಿಟ್ಟಿರುವ ಸಂದು ನೆಲವನ್ನು ಕಟ್ಟಡದಿಂದ ಬೇರೆ ಇಡಲು ಇರುವುದು. ಅಲ್ಲಿ ಮೆತ್ತನೆಯ ಪಿಯು ಸೀಲಂಟ್. ಕಟ್ಟಡದ ಎರಡು ಭಾಗಗಳ ನಡುವಿನ ಎಕ್ಸ್‌ಪಾನ್ಶನ್ ಜಾಯಿಂಟಂತೂ ಇನ್ನೂ ಹೆಚ್ಚು ಓಡಾಡುತ್ತದೆ. 30 ಮೀಟರ್ ಉದ್ದದ ಕಾಂಕ್ರೀಟ್ 20 ಡಿಗ್ರಿ ಏರಿಳಿತಕ್ಕೆ ಸುಮಾರು 6 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದನ್ನು ಯಾವತ್ತೂ ಗಟ್ಟಿ ಮಾಲಿನಿಂದ ಮುಚ್ಚಬೇಡಿ.

ಬ್ಯಾಕರ್ ರಾಡ್ ಅಂದರೆ ಫೋಮಿನ ಹಗ್ಗ. ಎಲ್ಲ ಕಡೆಯೂ ಹಾಕಿದರೆ ಮಾಲು ಉಳಿಯುತ್ತದಲ್ಲ?

ಮೆತ್ತನೆಯ ಸೀಲಂಟ್ ಹಾಕುವ ಕಡೆ ಹಾಕಿ. ಸೀಲಂಟ್ ಎರಡು ಬದಿಯ ಗೋಡೆಗೆ ಮಾತ್ರ ಅಂಟಬೇಕು, ತಳಕ್ಕೂ ಅಂಟಿದರೆ ಹಿಗ್ಗಲಾಗದೆ ಹರಿಯುತ್ತದೆ. ಫೋಮಿನ ಹಗ್ಗ ತಳಕ್ಕೆ ಅಂಟದಂತೆ ನೋಡಿಕೊಳ್ಳುತ್ತದೆ. ಅಗಲ 20 ಮಿ.ಮೀ. ಇದ್ದರೆ ಸೀಲಂಟಿನ ಆಳ 10 ಸಾಕು. ಆದರೆ ಫೋರ್ಕ್‌ಲಿಫ್ಟ್, ಪ್ಯಾಲೆಟ್ ಟ್ರಾಲಿ ಓಡಾಡುವ ಕಟ್ಟರ್ ಗೆರೆಗಳಲ್ಲಿ ಹಗ್ಗ ಹಾಕಲೇಬಾರದು. ಅಲ್ಲಿ ಫಿಲ್ಲರ್ ತಳದವರೆಗೂ ತುಂಬಿರಬೇಕು, ಇಲ್ಲವಾದರೆ ಗಾಲಿ ಹಾಯ್ದಾಗ ಫೋಮಿನ ಮೇಲೆ ಕುಸಿಯುತ್ತದೆ.

ಪ್ಯಾಲೆಟ್ ಟ್ರಾಲಿ ಹಾಯ್ದು ಹಾಯ್ದು ಜಾಯಿಂಟಿನ ಅಂಚು ಉದುರಿ ಗುಂಡಿಯಾಗಿದೆ. ಕೋಟಿಂಗ್ ಹಾಕುವಾಗ ಹಾಗೇ ಮಟ್ಟ ಮಾಡಿಬಿಡಿ ಎಂದರೆ ನೀವು ಏಕೆ ಒಪ್ಪುವುದಿಲ್ಲ?

ಹೊಸಕೋಟೆ ಕಡೆಯ ಒಂದು ಗೋದಾಮಿನಲ್ಲಿ ನನಗಿಂತ ಮೊದಲು ಬಂದ ಗುತ್ತಿಗೆದಾರರು ಹಾಗೆಯೇ ಮಾಡಿದ್ದರು. ಆರು ತಿಂಗಳಿಗೆ ಜಾಯಿಂಟಿನುದ್ದಕ್ಕೂ ಅಂಗೈಯಗಲದ ಕೋಟಿಂಗ್ ಚಕ್ಕೆಗಳು ಎದ್ದಿದ್ದವು. ಒಂದನ್ನು ಎತ್ತಿ ತಿರುಗಿಸಿ ನೋಡಿದೆ: ಹಿಂಬದಿಗೆ ಎರಡು ಮಿ.ಮೀ. ದಪ್ಪದ ಕಾಂಕ್ರೀಟ್ ಅಂಟಿಕೊಂಡೇ ಬಂದಿತ್ತು. ಕೋಟಿಂಗ್ ಚೆನ್ನಾಗಿ ಅಂಟಿತ್ತು, ಅದರ ಕೆಳಗಿನ ಕಾಂಕ್ರೀಟ್ ಮುರುಕಲಾಗಿತ್ತು.

ಅಂಚನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುವ ಕಡೆ ಗಟ್ಟಿ, ಡೊಳ್ಳು ಸದ್ದು ಬರುವ ಕಡೆ ಟೊಳ್ಳು. ಗಟ್ಟಿ ಸದ್ದು ಸಿಗುವವರೆಗೆ ಎರಡು ಬದಿಯಲ್ಲೂ ನೇರವಾಗಿ, ಕನಿಷ್ಠ 12 ಮಿ.ಮೀ. ಆಳಕ್ಕೆ ಕತ್ತರಿಸಿ ತೆಗೆದು, ಪ್ರೈಮರ್ ಹಚ್ಚಿ, ಎಪಾಕ್ಸಿ ಗಾರೆಯಿಂದ ಅಂಚನ್ನು ಹೊಸದಾಗಿ ಕಟ್ಟಬೇಕು. ಗಟ್ಟಿಯಾದ ಮೇಲೆ ಹಳೆಯ ಜಾಯಿಂಟಿನ ನೇರಕ್ಕೇ ಮತ್ತೆ ಕತ್ತರಿಸಿ ಅರೆಗಟ್ಟಿ ಫಿಲ್ಲರ್ ತುಂಬಬೇಕು. ಮತ್ತೆ ಕತ್ತರಿಸುವುದನ್ನು ಮರೆತರೆ ಎರಡು ಸ್ಲ್ಯಾಬುಗಳನ್ನು ಬೆಸುಗೆ ಹಾಕಿದಂತಾಗಿ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ.

ಫೋರ್ಕ್‌ಲಿಫ್ಟ್ ಹಾಯುವಾಗ ಜಾಯಿಂಟಿನ ಹತ್ತಿರ ನೆಲ ಮಿಡುಕಿದಂತೆ ಅನ್ನಿಸುತ್ತದೆ. ಭ್ರಮೆಯೇ?

ಭ್ರಮೆಯಲ್ಲ. ಸ್ಲ್ಯಾಬಿನ ಮೇಲ್ಭಾಗ ಬೇಗ ಒಣಗಿ ಕುಗ್ಗುತ್ತದೆ, ಕೆಳಭಾಗ ತೇವವಾಗಿಯೇ ಇರುತ್ತದೆ. ಆಗ ಅಂಚುಗಳು ಒಣಗಿದ ಎಲೆಯಂತೆ ಮೇಲೆದ್ದು ಕೆಳಗೆ ಟೊಳ್ಳಾಗುತ್ತದೆ. ಜಾಯಿಂಟಿನ ಎರಡು ಬದಿಗೂ ಒಂದೊಂದು ಬೆರಳಿಟ್ಟು ಗಾಡಿ ಹಾಯಿಸಿ ನೋಡಿ, ಒಂದು ಇಳಿದು ಇನ್ನೊಂದು ಏರಿದರೆ ತಿಳಿಯುತ್ತದೆ. ಗಾಡಿಯಿಂದ ಕೈ ದೂರವಿರಲಿ. ತೂತು ಕೊರೆದು ಕೆಳಗೆ ಸಿಮೆಂಟ್ ಗ್ರೌಟ್ (ಸುರಿಯುವಷ್ಟು ತೆಳ್ಳನೆಯ ಸಿಮೆಂಟ್ ಗಾರೆ) ಅಥವಾ ಪಿಯು ಫೋಮ್ ತುಂಬಿಸಿ ಸ್ಲ್ಯಾಬನ್ನು ಕೂರಿಸುವವರೆಗೆ ಯಾವ ಫಿಲ್ಲರೂ ಅಲ್ಲಿ ನಿಲ್ಲುವುದಿಲ್ಲ.

ಕಾಂಕ್ರೀಟ್ ಹಾಕಿದ ಎಷ್ಟು ದಿನಕ್ಕೆ ಜಾಯಿಂಟ್ ತುಂಬಬಹುದು?

ಕೋಟಿಂಗಿಗೆ ಕನಿಷ್ಠ 28 ದಿನ ಮತ್ತು ತೇವದ ಪರೀಕ್ಷೆ ಪಾಸಾಗಬೇಕು. ಜಾಯಿಂಟಿಗೆ ಎಷ್ಟು ತಡವಾದರೆ ಅಷ್ಟು ಒಳ್ಳೆಯದು, 90 ದಿನ ಕಾಯಲು ಸಾಧ್ಯವಾದರೆ ಕಾಯಿರಿ. ಬೇಗ ತುಂಬಲೇಬೇಕಾದರೆ ವರ್ಷದೊಳಗೆ ಒಂದು ಬದಿಯಲ್ಲಿ ಸಣ್ಣ ಸೀಳು ಬಿಡುತ್ತದೆ, ಆಗ ಮತ್ತೆ ತುಂಬಿಕೊಡಬೇಕು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಜಾಯಿಂಟ್ ಕಾಣದಂತೆ ಮೇಲೆ ಪೂರ್ತಿ ಕೋಟಿಂಗ್ ಹೊದಿಸಬಹುದೇ?

ಅಲುಗಾಡುವ ಜಾಯಿಂಟಿನ ಮೇಲೆ ಬೇಡ. ನೋಟಕ್ಕಾಗಿ ಒಂದೇ ಹರವಿನಂತೆ ಹಾಕಿ, ಗಟ್ಟಿಯಾದ ಮೇಲೆ ಅದೇ ನೇರಕ್ಕೆ ಕತ್ತರಿಸಿ ಸೀಲಂಟ್ ತುಂಬಬಹುದು. ಹಾಗೆ ಮಾಡುವುದಾದರೆ ಕೋಟಿಂಗಿಗೆ ಮೊದಲೇ ಪ್ರತಿ ಜಾಯಿಂಟಿನ ನೇರವನ್ನು ಗೋಡೆಯ ಮೇಲೆ ಎರಡು ತುದಿಯಲ್ಲೂ ಗುರುತು ಹಾಕಿಕೊಳ್ಳಿ. ಕೋಟಿಂಗ್ ಬಿದ್ದ ಮೇಲೆ ಕೆಳಗಿನ ಗೆರೆ ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಒಂದು ಇಂಚು ಆಚೆ ಕತ್ತರಿಸಿದರೆ ಎರಡು ಗೆರೆಗಳಾಗುತ್ತವೆ: ಒಂದು ನಿಮ್ಮದು, ಇನ್ನೊಂದು ನೆಲದ್ದು.

ಕೊಟೇಶನ್‌ನಲ್ಲಿ 80 ಲೀಟರ್ ಜಾಯಿಂಟ್ ಫಿಲ್ಲರ್ ಎಂದಿದೆ. ನೆಲ ಬರೀ 1,000 ಚದರ ಮೀಟರ್. ಇಷ್ಟು ಬೇಕೇ?

ಲೆಕ್ಕ ನೀವೇ ಮಾಡಿ. 4 ಮೀಟರ್ ಚೌಕಗಳಾದರೆ ಒಂದು ಚದರ ಮೀಟರಿಗೆ ಅರ್ಧ ಮೀಟರ್ ಜಾಯಿಂಟ್ ಬರುತ್ತದೆ, ಒಟ್ಟು 500 ಮೀಟರ್. ಗೆರೆಯ ಅಗಲ 4 ಮಿ.ಮೀ., ಆಳ 40 ಮಿ.ಮೀ. ಎಂದರೆ ಮೀಟರಿಗೆ 160 ಮಿಲಿಲೀಟರ್. 500ರಿಂದ ಗುಣಿಸಿದರೆ 80 ಲೀಟರ್. ಯಾರಾದರೂ ಇದೇ ನೆಲಕ್ಕೆ 20 ಲೀಟರ್ ಎಂದು ಬರೆದು ಕಡಿಮೆ ದರ ಕೊಟ್ಟಿದ್ದರೆ ಅವರು ತುಂಬುವುದು ಮೇಲಿನ ಒಂದು ಸೆಂಟಿಮೀಟರ್ ಮಾತ್ರ. ಕೆಳಗೆ ಏನಿರುತ್ತದೆ ಎಂದು ಕೇಳಿ. ಕೆಲಸ ಮುಗಿದ ಮೇಲೆ ಮೂರು ನಾಲ್ಕು ಕಡೆ ಸಣ್ಣ ಡ್ರಿಲ್ ಬಿಟ್ ಇಳಿಸಿ ಆಳ ನೋಡುವ ಹಕ್ಕನ್ನೂ ಬರೆಸಿಕೊಳ್ಳಿ.

ನಮ್ಮದು ಬ್ಯಾಡಗಿ ಕಡೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ತಂಪು ಮಾಡುವ ಯಂತ್ರ ಶುರುವಾಗುವ ಮೊದಲೇ ಜಾಯಿಂಟ್ ತುಂಬಿ ಮುಗಿಸಿಬಿಡಿ ಎನ್ನುತ್ತಾರೆ ನಮ್ಮ ಕಂಟ್ರಾಕ್ಟರ್. ಸರಿಯೇ?

ಕೋಟಿಂಗ್ ಮೊದಲೇ ಆಗಲಿ, ಅದಕ್ಕೆ ಬೆಚ್ಚಗಿನ ನೆಲ ಬೇಕು. ಜಾಯಿಂಟ್ ಮಾತ್ರ ಬಿಡಿ. ನೆಲ 30 ಡಿಗ್ರಿಯಿಂದ 5ಕ್ಕೆ ಇಳಿದಾಗ 4 ಮೀಟರಿನ ಪ್ರತಿ ಚೌಕ ಸುಮಾರು 1 ಮಿ.ಮೀ. ಕುಗ್ಗುತ್ತದೆ, 4 ಮಿ.ಮೀ. ಇದ್ದ ಗೆರೆ 5 ಆಗುತ್ತದೆ. ಅರೆಗಟ್ಟಿ ಫಿಲ್ಲರಿಗೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ, ಗೋಡೆ ಬಿಟ್ಟು ಸಡಿಲಾಗುತ್ತದೆ. ಕೋಣೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತಂಪು ಮಾಡಿ, ಬಳಕೆಯ ಉಷ್ಣಾಂಶದಲ್ಲೇ ಒಂದೆರಡು ವಾರ ನಿಲ್ಲಿಸಿ. ನೆಲ ಕುಗ್ಗುವಷ್ಟು ಕುಗ್ಗಿದ ಮೇಲೆ, ಚೀಲಗಳು ಒಳಬರುವ ಮೊದಲು, ಆ ತಂಪಿನಲ್ಲೇ ತುಂಬಿಸಿ. ಆ ಚಳಿಯಲ್ಲಿ ಸಾಮಾನ್ಯ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಪಾಲಿಯೂರಿಯಾ ಆಗುತ್ತದೆ. ಗೆರೆಯೊಳಗೆ ತೇವ ಕೂತಿರುತ್ತದೆ, ಅದನ್ನು ಒಣ ಬಟ್ಟೆ ಮತ್ತು ವ್ಯಾಕ್ಯೂಮ್‌ನಿಂದ ತೆಗೆದು, ಬಾಗಿಲು ಮುಚ್ಚಿಟ್ಟೇ ಕೆಲಸ ಮಾಡಿ. ಬಾಗಿಲು ತೆರೆದಿಟ್ಟರೆ ಹೊರಗಿನ ಬಿಸಿಗಾಳಿ ಒಳನುಗ್ಗಿ, ಒರೆಸಿದ ಗೆರೆಯಲ್ಲಿ ಐದೇ ನಿಮಿಷದಲ್ಲಿ ಮತ್ತೆ ನೀರು ಕಟ್ಟುತ್ತದೆ.